ಮನೆಯಂಗಳದ ಹಿಮ ಅಳೆಯಲು 4 ಇಂಚಿನ ಮಳೆಮಾಪಕ ಮತ್ತು ಬಿಳಿ ಹಲಗೆ: ಹಲವು ಚಳಿಗಾಲ ಬಳಸಿದ ಮೇಲೆ

ಹಿಮ ಬೀಳುವ ಊರಲ್ಲಿದ್ದು, ಎಷ್ಟು ಬಿತ್ತು ಅಂತ ಸರಿಯಾಗಿ ತಿಳಿಯಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ದುಬಾರಿ ಎಲೆಕ್ಟ್ರಾನಿಕ್ ಯಂತ್ರ ಬೇಡ. 4 ಇಂಚು ಅಗಲದ ಪ್ಲಾಸ್ಟಿಕ್ ಮಳೆಮಾಪಕ, ಬಿಳಿ ಬಣ್ಣ ಬಳಿದ ಪ್ಲೈವುಡ್ ಹಲಗೆ, ಇಂಚಿಗೆ ಹತ್ತು ಗೆರೆ ಇರುವ ಸ್ಕೇಲ್ ಸಾಕು. ನಾನಿರುವುದು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಹತ್ತಿರ. ಒಂಟಾರಿಯೊ ಸರೋವರದ ಮೇಲಿಂದ ಬರುವ ಗಾಳಿ ಇಲ್ಲಿ ಹಿಮ ಸುರಿಯುತ್ತಲೇ ಇರುತ್ತದೆ. 1992-93ರ ಚಳಿಗಾಲದಲ್ಲಿ ಈ ಊರಿಗೆ ಬಿದ್ದದ್ದು 192.1 ಇಂಚು! ಅಳೆಯುವ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗುವುದು ಕಷ್ಟ.

ಈ ಮಾಪಕವನ್ನು ಅಮೆರಿಕದಲ್ಲಿ ಕೊಕೊರಾಸ್ ಎಂಬ, ತಮ್ಮ ಮನೆಯಂಗಳದಲ್ಲೇ ಮಳೆ, ಹಿಮ ಅಳೆಯುವ ಸ್ವಯಂಸೇವಕರ ಜಾಲ ಬಳಸುತ್ತದೆ. 1997ರಲ್ಲಿ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ದೊಡ್ಡ ಪ್ರವಾಹ ಬಂತು. ಒಂದೇ ಊರಿನ ಒಂದೊಂದು ಮೂಲೆಯಲ್ಲಿ ಮಳೆ ಒಂದೊಂದು ತರ ಬಿದ್ದಿತ್ತು. ಮರುವರ್ಷ, 1998ರಲ್ಲಿ, ಈ ಜಾಲ ಶುರುವಾಯಿತು. ಮಾಪಕದಲ್ಲಿ ಇರುವುದು ಹೊರಗಿನ ದೊಡ್ಡ ಕೊಳವೆ, ಒಳಗಿನ ಸಣ್ಣ ಕೊಳವೆ, ಮೇಲೊಂದು ಆಲಿಕೆ, ಅಷ್ಟೇ. ಒಳಕೊಳವೆಯ ಬಾಯಿಯ ವಿಸ್ತೀರ್ಣ ಹೊರಗಿನದರ ಹತ್ತನೇ ಒಂದು ಪಾಲು. ಹಾಗಾಗಿ ನೀರು ಹತ್ತು ಪಟ್ಟು ಎತ್ತರ ಏರುತ್ತದೆ, ಇಂಚಿನ ನೂರನೇ ಒಂದು ಭಾಗವೂ ಕಣ್ಣಿಗೆ ಕಾಣುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟ್ ಅಂತ ಹೇಳುತ್ತಾರಲ್ವಾ, ಅದೇ ಸೆಂಟ್ ಇದು.

ಚಳಿಗಾಲ ಬಂದಾಗ ಆಲಿಕೆಯನ್ನೂ ಒಳಕೊಳವೆಯನ್ನೂ ಮನೆಯೊಳಗೆ ತಂದಿಡಬೇಕು. ಆಲಿಕೆಯ ತೂತು ಹಿಮದಿಂದ ಮುಚ್ಚಿಹೋಗುತ್ತದೆ. ಒಳಕೊಳವೆಯಲ್ಲಿ ನೀರು ಹೆಪ್ಪುಗಟ್ಟಿದರೆ ಪ್ಲಾಸ್ಟಿಕ್ ಸೀಳುತ್ತದೆ. ಹೊರಗಿನ ಕೊಳವೆ ಮಾತ್ರ ಬಾಯಿ ತೆರೆದುಕೊಂಡು ಹಿಮ ಹಿಡಿಯುತ್ತದೆ.

ಅದರಲ್ಲಿ ಹಿಮದ ಎತ್ತರ ನೋಡಿ ಬರೆಯಬೇಡಿ. ಅದು ಇರುವುದು ನೀರಿನ ಲೆಕ್ಕಕ್ಕೆ. ಎಷ್ಟು ದಪ್ಪ ಬಿತ್ತು ಅನ್ನುವುದು ಒಂದು ಪ್ರಶ್ನೆ, ಅದರಲ್ಲಿ ಎಷ್ಟು ನೀರಿದೆ ಅನ್ನುವುದು ಇನ್ನೊಂದು. ಹತ್ತು ಇಂಚು ಹಿಮಕ್ಕೆ ಒಂದು ಇಂಚು ನೀರು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸರೋವರದ ಹತ್ತಿ ತರದ ಹಿಮ 12 ಇಂಚು ಬಿದ್ದರೂ ಕರಗಿಸಿದಾಗ ಅರ್ಧ ಇಂಚು ನೀರೂ ಸಿಗದಿರಬಹುದು. ಮಾರ್ಚ್ ತಿಂಗಳ ಒದ್ದೆ ಹಿಮ 5 ಇಂಚೇ ಇದ್ದರೂ ಮುಕ್ಕಾಲು ಇಂಚು ನೀರು ಕೊಡಬಹುದು. ಚಾವಣಿ ಮೇಲಿನ ಭಾರ, ವಸಂತದ ಹೊಳೆಯ ಪ್ರವಾಹ ಎರಡಕ್ಕೂ ಬೇಕಾದದ್ದು ಈ ನೀರಿನ ಲೆಕ್ಕವೇ.

ನೀರು ತಿಳಿಯಲು ಕೊಳವೆಯನ್ನು ಒಳಗೆ ತಂದು, ಅಳೆದ ಬಿಸಿನೀರು ಹಾಕಿ ಕರಗಿಸಿ, ಒಳಕೊಳವೆಗೆ ಸುರಿದು, ಹಾಕಿದ ನೀರನ್ನು ಕಳೆಯುವುದು ಒಂದು ದಾರಿ. ನನಗೆ ಇಷ್ಟವಾದದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಖಾಲಿ ಕೊಳವೆಯ ತೂಕ ಮೊದಲೇ ಬರೆದಿಡಿ. ಹೊರಮೈಗೆ ಅಂಟಿದ ಹಿಮವನ್ನು ಚೆನ್ನಾಗಿ ಒರೆಸಿ ತೂಗಿ. 4 ಇಂಚಿನ ಬಾಯಿಗೆ ಒಂದು ಇಂಚು ನೀರು ಅಂದರೆ ಸುಮಾರು 206 ಗ್ರಾಂ. ಕರಗಿಸುವ ಕೆಲಸವೇ ಇಲ್ಲ, ಒಂದು ಹನಿಯೂ ಚೆಲ್ಲುವುದಿಲ್ಲ.

ದಪ್ಪ ಅಳೆಯುವುದು ಹಲಗೆಯ ಕೆಲಸ. 16 ಅಥವಾ 24 ಇಂಚಿನ ಚೌಕ ಸಾಕು. ಬಿಳಿ ಬಣ್ಣವೇ ಬೇಕು, ಗಾಢ ಬಣ್ಣ ಬಿಸಿಲು ಹೀರಿ ಹಿಮ ಕರಗಿಸುತ್ತದೆ. ಹುಲ್ಲಿನ ಮೇಲೆ ಅಳೆದರೆ ಜಾಸ್ತಿ ಬರುತ್ತದೆ, ಹುಲ್ಲು ಹಿಮವನ್ನು ಎತ್ತಿ ಹಿಡಿದಿರುತ್ತದೆ. ಸಿಮೆಂಟಿನ ಮೇಲೆ ಕಡಿಮೆ ಬರುತ್ತದೆ. ಹಲಗೆ ಇಟ್ಟ ಜಾಗದ ಪಕ್ಕ ಒಂದು ಕೋಲು ನೆಡಿ, ಇಲ್ಲದಿದ್ದರೆ ಬೆಳಗ್ಗೆ ಅದನ್ನು ಹುಡುಕುವುದೇ ಕೆಲಸ. ಅಳೆದ ಮೇಲೆ ಹಲಗೆ ಗುಡಿಸಿ, ಹೊಸ ಹಿಮದ ಮಟ್ಟಕ್ಕೆ ಮತ್ತೆ ಇಡಬೇಕು.

ಎಷ್ಟು ಸಲ ಗುಡಿಸುತ್ತೀರಿ ಅನ್ನುವುದು ಬಹಳ ಮುಖ್ಯ. ಹಿಮ ತನ್ನ ಭಾರಕ್ಕೇ ಕುಸಿಯುತ್ತದೆ. ಗಂಟೆಗೊಮ್ಮೆ ಗುಡಿಸಿ ಕೂಡಿಸಿದರೆ ಕುಸಿಯಲು ಅವಕಾಶವೇ ಇಲ್ಲ, ಮೊತ್ತ ಉಬ್ಬುತ್ತದೆ. 1997ರ ಜನವರಿಯಲ್ಲಿ ನಮ್ಮ ರಾಜ್ಯದ ಮಾಂಟೇಗ್ ಎಂಬಲ್ಲಿ 24 ಗಂಟೆಯಲ್ಲಿ 77 ಇಂಚು ಬಿತ್ತು ಅಂತ ವರದಿಯಾಯಿತು. ಆಗ ದೇಶದ ದಾಖಲೆ 1921ರಲ್ಲಿ ಕೊಲೊರಾಡೊದ ಸಿಲ್ವರ್ ಲೇಕ್‌ನಲ್ಲಿ ಬಿದ್ದ 75.8 ಇಂಚು. ಆದರೆ ಮಾಂಟೇಗ್‌ನ ಲೆಕ್ಕ ಆರು ಅಳತೆಗಳನ್ನು ಕೂಡಿಸಿದ್ದು, ನಿಯಮದ ಪ್ರಕಾರ ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಇರಬಾರದು. ಪರಿಶೀಲನಾ ಸಮಿತಿ ಅದನ್ನು ದಾಖಲೆ ಅಂತ ಒಪ್ಪಲಿಲ್ಲ. ನಾನು ಬೆಳಗ್ಗೆ 7ಕ್ಕೆ ಒಂದೇ ಸಲ ಅಳೆಯುತ್ತೇನೆ. ಹಿಮ ಹಗಲಲ್ಲೇ ಕರಗುವಂತಿದ್ದರೆ ಮಾತ್ರ ನಿಂತ ಕೂಡಲೇ ಒಮ್ಮೆ ಅಳೆದಿಡುತ್ತೇನೆ.

ಕೊರತೆಗಳೂ ಇವೆ. ಜೋರು ಗಾಳಿಯಲ್ಲಿ ಹಿಮ ಕೊಳವೆಯ ಬಾಯಿ ದಾಟಿ ಹೋಗುತ್ತದೆ, ಸಿಗಬೇಕಾದ್ದಕ್ಕಿಂತ ಬಹಳ ಕಡಿಮೆ ಸಿಗುತ್ತದೆ. ದೊಡ್ಡ ಹಿಮಪಾತದಲ್ಲಿ ಕೊಳವೆ ತುಂಬಿ ಮೇಲೆ ಟೋಪಿ ಕಟ್ಟುತ್ತದೆ. ಎರಡಕ್ಕೂ ಪರಿಹಾರ ಒಂದೇ: ಖಾಲಿ ಕೊಳವೆಯನ್ನು ಬೋರಲಾಗಿ ಹಲಗೆಯ ಹಿಮಕ್ಕೆ ಒತ್ತಿ, ಕೆಳಗೆ ತೆಳು ತಗಡು ತೂರಿಸಿ, ಆ ತುಂಡನ್ನು ಎತ್ತಿ ತೂಗುವುದು. ಒದ್ದೆ ಹಿಮದ ನಂತರ ಚಳಿ ಬಿದ್ದರೆ ಕೊಳವೆ ತನ್ನ ಬ್ರಾಕೆಟ್‌ಗೆ ಅಂಟಿಕೊಂಡು ಕದಲುವುದಿಲ್ಲ. ಇದು ನಿಜಕ್ಕೂ ಬೇಸರ ತರಿಸುತ್ತದೆ. ಇನ್ನೊಂದು ಹೊರಕೊಳವೆ ತೆಗೆದಿಟ್ಟುಕೊಳ್ಳಿ, ಅದಲು ಬದಲು ಮಾಡಬಹುದು.

ನನ್ನ ಬಳಿ ಎಲೆಕ್ಟ್ರಾನಿಕ್ ಮಾಪಕವೂ ಇದೆ. ಮಳೆಗಾಲಕ್ಕೆ ಪರವಾಗಿಲ್ಲ. ಹೀಟರ್ ಇಲ್ಲದ್ದರಿಂದ ಹಿಮ ಅದರ ಬಾಯಲ್ಲೇ ಕೂತಿದ್ದು, ಬಿಸಿಲು ಬಂದ ದಿನ ಮಳೆ ಬಂತು ಅಂತ ತೋರಿಸುತ್ತದೆ. ಹೀಟರ್ ಇರುವವುಗಳಲ್ಲಿ ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ.

ಕೊಳ್ಳುವುದಾದರೆ ಅಕ್ಟೋಬರ್‌ನಲ್ಲೇ ಕೊಳ್ಳಿ. ಮರ, ಗೋಡೆಗಳಿಂದ ದೂರ, ಆದರೆ ಗಾಳಿ ನೇರ ಬಡಿಯದ ಜಾಗ ನೋಡಿ ಕಂಬ ನೆಡಿ. ನೆಲ ಹೆಪ್ಪುಗಟ್ಟಿದ ಮೇಲೆ ಗುಂಡಿ ತೋಡಲು ಆಗುವುದಿಲ್ಲ.