ಹಳೆ ಫುಲ್ ಫ್ರೇಮ್ ಬಾಡಿ ತೋರಿಸಿ ತಲೆ ಕೆಡಿಸ್ತಾರೆ, ಕಲಬುರಗಿಯವರು ದಯವಿಟ್ಟು ಓದಿ

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ) ತಗೊಳ್ಳೋಕೆ ಹೊರಟವರು ಎರಡು ನಿಮಿಷ ನಿಲ್ಲಿ. ನನ್ನ 52,000 ರೂಪಾಯಿ ಹೋಗಿದೆ. ನಿಮ್ಮದೂ ಹೋಗಬಾರದು ಅಂತ ಬರೆಯುತ್ತಿದ್ದೇನೆ.

ನನ್ನ ಹತ್ತಿರ ನಿಕಾನ್ ಡಿ3300 ಇದೆ, ಅದರ ಜೊತೆಗೇ ಬಂದ 18-55 ಕಿಟ್ ಲೆನ್ಸ್ ಇದೆ. ಬಿಸಿಲಿನಲ್ಲಿ ಫೋಟೊ ಚೆನ್ನಾಗೇ ಬರುತ್ತದೆ. ತೊಂದರೆ ಇರೋದು ಬೆಳಕು ಕಡಿಮೆ ಇದ್ದಾಗ. ನಮ್ಮ ಕೋಟೆಯೊಳಗಿನ ಜಾಮಿ ಮಸೀದಿ ನೋಡಿದ್ದೀರಲ್ವಾ? ಬಯಲು ಅಂಗಳವೇ ಇಲ್ಲ, ಪೂರ್ತಿ ಛಾವಣಿ. ಆ ಕಮಾನುಗಳನ್ನು ತೆಗೆದರೆ ಒಂದೋ ಅಲುಗಿದ ಫೋಟೊ, ಇಲ್ಲಾ ರವೆ ಉದುರಿಸಿದ ಹಾಗೆ ಕಾಳು ಕಾಳು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯೋದು ಸಂಜೆಗೆ, ಅಲ್ಲೂ ಇದೇ ಗೋಳು.

ಅದಕ್ಕೇ 35 ಎಂಎಂ ಎಫ್ 1.8 ಲೆನ್ಸ್ ಕೇಳೋಕೆ ಅಂಗಡಿಗೆ ಹೋದೆ. ಬರೀ ಲೆನ್ಸ್! ಈ ಎಫ್ ಸಂಖ್ಯೆ ಕಡಿಮೆ ಆದಷ್ಟೂ ಲೆನ್ಸ್ ಜಾಸ್ತಿ ತೆರೆಯುತ್ತದೆ. 18-55 ಅನ್ನು ಪೂರ್ತಿ ಝೂಮ್ ಮಾಡಿ 55ಕ್ಕೆ ಎಳೆದರೆ ಎಫ್ 5.6. ಎಫ್ 1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಕತ್ತಲಿಗೆ ಬೇಕಾಗಿದ್ದು ಅದೇ. ಆದರೆ ಅಂಗಡಿಯವನು ಲೆನ್ಸ್ ತೆಗೆದು ತೋರಿಸಲೇ ಇಲ್ಲ.

"ಲೆನ್ಸ್ ಬಿಡ್ರಿ ಸರ್, ಬಾಡಿ ಬದಲ್ ಮಾಡ್ರಿ. ಡಿ750 ಬಂದದ, ಫುಲ್ ಫ್ರೇಮ್. ಕತ್ತಲಾಗೂ ಹಗಲಿನಂಗ ಬರ್ತದ."

ಡಿ750 ಕೂಡ ನಿಕಾನ್‌ದೇ. ಫುಲ್ ಫ್ರೇಮ್ ಅಂದರೆ ಬೆಳಕು ಹಿಡಿಯೋ ಸೆನ್ಸರ್ ನನ್ನ ಡಿ3300ಗಿಂತ ದೊಡ್ಡದು. ನನ್ನ ಲೆನ್ಸ್ ಇದಕ್ಕೆ ಕೂಡುತ್ತಾ ಅಂತ ಕೇಳಿದೆ. ಸ್ಪಷ್ಟವಾಗಿ ಕೇಳಿದೆ. "ಕೂಡ್ತದ್ರಿ, ಟೆನ್ಶನ್ ಯಾಕ್ ತಗೋತೀರಿ" ಅಂದ. ವ್ಯೂಫೈಂಡರ್‌ನಲ್ಲಿ ನಡುವೆ ಒಂದು ಚೌಕ ಕಾಣಿಸಿತು. ಇದೇನು ಅಂದರೆ "ಅದು ಗೈಡ್ ಲೈನ್ ರೀ" ಅಂದ. ಶಟರ್ ಕೌಂಟ್ (ಇದುವರೆಗೆ ಎಷ್ಟು ಫೋಟೊ ತೆಗೆದಿದೆ ಅನ್ನೋ ಲೆಕ್ಕ) ಎಷ್ಟು ಅಂದರೆ "20,000 ಆಗಿರಬೇಕು."

ಅವನ ಮಾತು ನಂಬಿ 52,000 ಕೊಟ್ಟು ಬಾಡಿ ತಗೊಂಡೆ. ನನ್ನ 18-55 ಹಾಕಿ ಕಾಕಾನ ಮಗಳ ಮದುವೆಗೆ ಅದೇ ಕ್ಯಾಮೆರಾ ಒಯ್ದೆ. ಆಲ್ಬಮ್ ಮಾಡಿಸೋಕೆ ಹೋದಾಗ ಕಾಕಾ ಪಕ್ಕದಲ್ಲೇ ಕೂತಿದ್ದರು. ಕಂಪ್ಯೂಟರ್ ಮುಂದಿನ ಹುಡುಗ ಫೈಲ್ ತೆರೆದು "ಇವು ಯಾವ ಹಳೆ ಕ್ಯಾಮೆರಾದವು ಅಣ್ಣಾ?" ಅಂದ. 10 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 10! ಆ ಚೌಕ ಗೈಡ್ ಲೈನ್ ಅಲ್ಲ. ಡಿಎಕ್ಸ್ ಲೆನ್ಸ್ (ನನ್ನ 18-55 ಥರ ಚಿಕ್ಕ ಸೆನ್ಸರ್‌ಗೆ ಮಾಡಿದ್ದು) ಹಾಕಿದರೆ ಆ ಬಾಡಿ ತಾನಾಗೇ ಸೆನ್ಸರ್‌ನ ನಡುವಿನ ಭಾಗ ಮಾತ್ರ ಬಳಸುತ್ತದೆ, ಅರ್ಧಕ್ಕಿಂತ ಕಡಿಮೆ. ನನ್ನ ಹಳೆ ಡಿ3300 ಅದೇ ಲೆನ್ಸಿನಲ್ಲಿ 24 ಕೊಡುತ್ತಿತ್ತು. ಫುಲ್ ಫ್ರೇಮ್ ಅಂತ ದುಡ್ಡು ಕೊಟ್ಟು 10 ಮೆಗಾಪಿಕ್ಸೆಲ್! ಅದೇ ಫೈಲಿನಲ್ಲಿ ಆ ಹುಡುಗ ಶಟರ್ ಕೌಂಟ್ ಕೂಡ ತೋರಿಸಿದ. 1.6 ಲಕ್ಷ ದಾಟಿತ್ತು. ನಿಕಾನ್‌ನವರು ಡಿ750 ಶಟರ್ ಪರೀಕ್ಷೆ ಮಾಡಿರೋದೇ 1.5 ಲಕ್ಷಕ್ಕೆ. ಕಾಕಾ ಒಂದು ಮಾತೂ ಆಡಲಿಲ್ಲ. ನನಗೆ ತಲೆ ಎತ್ತೋಕೆ ಆಗಲಿಲ್ಲ.

ಅಂಗಡಿಗೆ ಹೋಗಿ ಕೇಳಿದರೆ ಬಂದ ಉತ್ತರ ನೋಡಿ. "ಲೆನ್ಸ್ ಕೂಡ್ತದೇನು ಅಂತ ಕೇಳಿದ್ರಿ, ಕೂಡ್ತದ ಅಂದೆ. ಕೂಡಿಲ್ಲೇನು? ಸುಳ್ಳೇನ್ ಹೇಳೀನಿ?" ಶಟರ್ ಕೌಂಟ್ ಬಗ್ಗೆ ಕೇಳಿದರೆ "ಆಗಿರಬೇಕು ಅಂದೆ, ಆಗ್ಯದ ಅಂದಿಲ್ಲ." ಆಮೇಲೆ ಇನ್ನೂ ಒಂದು: "ಫುಲ್ ಫ್ರೇಮ್ ಲೆನ್ಸ್ ತಗೋರಿ, 24-70 ನಮ್ಮಲ್ಲೇ ಅದ." ಬಾಡಿ ವಾಪಸ್ ತಗೋ ಅಂದರೆ 30,000 ಕೊಡ್ತೀನಿ ಅಂದ. ಅವನೇ 52,000ಕ್ಕೆ ಮಾರಿದ ಕ್ಯಾಮೆರಾಕ್ಕೆ!

ಡಿ750 ಕೆಟ್ಟ ಕ್ಯಾಮೆರಾ ಅಲ್ಲ. ಅದಕ್ಕೆ ತಕ್ಕ ಲೆನ್ಸ್ ಇದ್ದವರಿಗೆ ಇವತ್ತಿಗೂ ಒಳ್ಳೆಯದೇ. ಕಿಟ್ ಲೆನ್ಸ್ ಮಾತ್ರ ಇರುವವರಿಗೆ ಈ ಬಾಡಿ ಗಂಟು ಹಾಕೋದು ಮೋಸ. ಮೊದಲು ಲೆನ್ಸ್ ತಗೊಳ್ಳಿ. ಡಿ3300, ಡಿ5300 ಥರದ ಬಾಡಿಗಳಲ್ಲಿ ಫೋಕಸ್ ಮೋಟರ್ ಇರಲ್ಲ, ಅದಕ್ಕೆ ಎಎಫ್-ಎಸ್ ಅಂತ ಬರೆದಿರೋ, ಒಳಗೇ ಮೋಟರ್ ಇರೋ ಲೆನ್ಸನ್ನೇ ಕೇಳಿ. ಸುಮ್ನೆ 50 ಎಂಎಂ ಕೊಡಿ ಅಂದರೆ ಒಳಗೆ ಮೋಟರ್ ಇಲ್ಲದ ಹಳೆ ಡಿ ಲೆನ್ಸ್ ಕೊಟ್ಟು ಕಳಿಸ್ತಾರೆ, ಆಮೇಲೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕು. ಬಾಡಿಯೇ ಬೇಕು ಅಂದರೆ ನಿಮ್ಮ ಲೆನ್ಸ್, ನಿಮ್ಮ ಮೆಮರಿ ಕಾರ್ಡ್ ಒಯ್ದು ಅಲ್ಲೇ ಒಂದು ಫೋಟೊ ತೆಗೆಯಿರಿ, ಎಷ್ಟು ಮೆಗಾಪಿಕ್ಸೆಲ್ ಅಂತ ನೋಡಿ, ಆಮೇಲೆ ದುಡ್ಡು ಕೊಡಿ. ಶಟರ್ ಕೌಂಟ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನನ್ನ ಬಿಲ್ಲಿನಲ್ಲಿ "ಹಳೆ ಕ್ಯಾಮೆರಾ, ವಾಪಸ್ ಇಲ್ಲ" ಅಂತ ಇದೆ, ಅಷ್ಟೇ. ಅದನ್ನೇ ತೋರಿಸಿ ನನ್ನನ್ನು ಹೊರಗೆ ಕಳಿಸಿದ.