ಲೋಹದ ಕವಾಟವಿರುವವರ ರಕ್ತಪರೀಕ್ಷೆಗೆ ಸರಸ್ವತಿಪುರಂನ ಒಂದು ಪುಟ್ಟ ಲ್ಯಾಬ್

ತಾಯಿಯವರ ಹೃದಯದ ಮೈಟ್ರಲ್ ಕವಾಟವನ್ನು ತೆಗೆದು, ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡ ಕೃತಕ ಕವಾಟವನ್ನು ಕೂರಿಸಿದಂದಿನಿಂದ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಪಿಟಿ-ಐಎನ್‌ಆರ್ ಪರೀಕ್ಷೆಯು (ಅಂಕಿ ಏರಿದಷ್ಟೂ ರಕ್ತ ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದರ್ಥ) ನಮ್ಮ ಮನೆಯ ತಿಂಗಳ ದಿನಸಿಯಷ್ಟೇ ಖಾಯಂ ಆಗಿದೆ. ಮೈಸೂರಿನಲ್ಲಿ ಮೂರು ಕಡೆ ಮಾಡಿಸಿ ನೋಡಿದ ಮೇಲೆ ಸರಸ್ವತಿಪುರಂನ ಈ ಲ್ಯಾಬನ್ನೇ ನೆಚ್ಚಿಕೊಂಡಿದ್ದೇವೆ.

ಆ ಕವಾಟದ ಚೌಕಟ್ಟು ಕೋಬಾಲ್ಟ್ ಮಿಶ್ರಲೋಹದ್ದು, ಅದರ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಆರೋಗ್ಯವಂತ ರಕ್ತನಾಳದ ಒಳಪದರವೂ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್‌ಗಳೂ ಋಣ ವಿದ್ಯುದಾವೇಶ ಹೊಂದಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಧನ ವಿದ್ಯುದ್ವಾರದ ಬಳಿ ರಕ್ತ ಹೆಪ್ಪುಗಟ್ಟುವುದನ್ನು ಅಮೆರಿಕದ ಸಾಯರ್ ಮತ್ತು ಪೇಟ್ 1953ರಲ್ಲಿಯೇ ವರದಿ ಮಾಡಿದ್ದರು. ಆದರೆ ಆವೇಶವೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಋಣ ಆವೇಶದ ಗಾಜು ಸೋಕಿದರೂ ಹನ್ನೆರಡನೇ ಅಂಶವೆಂಬ ರಕ್ತದ ಪ್ರೋಟೀನು ಚುರುಕಾಗಿ ರಕ್ತ ಹೆಪ್ಪುಗಟ್ಟತೊಡಗುತ್ತದೆ. ಲೋಹವನ್ನಂತೂ ರಕ್ತ ಮುಟ್ಟಿದ ಕ್ಷಣಗಳಲ್ಲೇ ಫೈಬ್ರಿನೋಜೆನ್ ಮೊದಲಾದ ಪ್ರೋಟೀನುಗಳು ಅಂಟಿಕೊಂಡು, ಪ್ಲೇಟ್‌ಲೆಟ್‌ಗಳಿಗೆ ನೆಲೆ ಒದಗಿಸುತ್ತವೆ. ಆದ್ದರಿಂದಲೇ ತಾಯಿಯವರು ಜೀವನಪರ್ಯಂತ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಮಾತ್ರೆ ನುಂಗಬೇಕು, ಐಎನ್‌ಆರ್ 2.5ರಿಂದ 3.5ರೊಳಗೆ ನಿಲ್ಲಬೇಕು.

ಇಷ್ಟು ಸೂಕ್ಷ್ಮವಾದ ಲೆಕ್ಕ ಒಂದು ನೀಲಿ ಮುಚ್ಚಳದ ಟ್ಯೂಬಿನಲ್ಲಿ ಕೆಟ್ಟುಹೋಗಬಹುದು. ಹಿಂದೆ ಬೇರೊಂದು ಕಡೆ ಟ್ಯೂಬನ್ನು ಅರ್ಧವಷ್ಟೇ ತುಂಬಿದ್ದರು. ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿ ಮೊದಲೇ ಹಾಕಿರುವ ಸಿಟ್ರೇಟ್ ದ್ರಾವಣ ರಕ್ತಕ್ಕೆ ಹೋಲಿಸಿದರೆ ಹೆಚ್ಚಾಗಿ ಐಎನ್‌ಆರ್ 4.8 ಎಂದು ಬಂತು. ಮಾತ್ರೆ ನಿಲ್ಲಿಸುವ ಮುನ್ನ ಇನ್ನೊಮ್ಮೆ ನೋಡೋಣವೆಂದು ಡಾಕ್ಟರು ಹೇಳಿದ್ದು ನಮ್ಮ ಪುಣ್ಯ, ಮರುಪರೀಕ್ಷೆಯಲ್ಲಿ 2.7 ಇತ್ತು. ಇಲ್ಲಿಯ ಹೆಣ್ಣುಮಗಳು ಮಾತ್ರ ಗೆರೆ ಮುಟ್ಟುವವರೆಗೂ ರಕ್ತ ಇಳಿಯಲು ಬಿಟ್ಟು, ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕುಲುಕದೆ ಮೂರು ನಾಲ್ಕು ಸಲ ಮೆಲ್ಲನೆ ತಲೆಕೆಳಗು ಮಾಡುತ್ತಾರೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬ ಅಳತೆಯನ್ನು ತಾಯಿಯವರಿಗೂ ಬಿಡಿಸಿ ಹೇಳಿದ್ದಾರೆ. "ಅಮ್ಮಾ, ಈ ವಾರ ಸೊಪ್ಪು ಜಾಸ್ತಿ ತಿಂದ್ರಾ?" ಎಂದು ಕೇಳಿ, ಉತ್ತರವನ್ನು ಚೀಟಿಯ ಮೇಲೆ ಬರೆದುಕೊಳ್ಳುತ್ತಾರೆ, ಸೊಪ್ಪಿನಲ್ಲಿರುವ ಕೆ ಜೀವಸತ್ವ ಮಾತ್ರೆಯ ಬಲವನ್ನು ಕುಗ್ಗಿಸುವುದರಿಂದ ಡಾಕ್ಟರಿಗೆ ಆ ಚೀಟಿ ಉಪಯೋಗಕ್ಕೆ ಬಂದಿದೆ.

ಬೆಳಗ್ಗೆ ಕೊಟ್ಟರೆ ಮಧ್ಯಾಹ್ನದೊಳಗೆ ರಿಪೋರ್ಟ್ ಮೊಬೈಲಿಗೆ ಬರುತ್ತದೆ. ಲ್ಯಾಬ್ ಮೊದಲ ಮಹಡಿಯಲ್ಲಿದ್ದು ಮೆಟ್ಟಿಲಿಗೆ ಹಿಡಿಕಂಬಿ ಒಂದೇ ಬದಿಗಿದೆ. ವಯಸ್ಸಾದವರನ್ನು ಕರೆದೊಯ್ಯುವವರು ಇಳಿಯುವಾಗ ಜೊತೆಗಿರಬೇಕು.