ಡಾಕ್ಟೊರೊ ಮೊದಲೋ, ಪಿಂಚನ್ ಮೊದಲೋ?

ಅರವತ್ತರ ದಶಕದ ಅಮೆರಿಕದ ಬಂಡಾಯವನ್ನು ಕಾದಂಬರಿಯ ಮೂಲಕ ಅರಿಯಬಯಸುವವರು ಇ. ಎಲ್. ಡಾಕ್ಟೊರೊ ಅವರ ‘ದಿ ಬುಕ್ ಆಫ್ ಡೇನಿಯಲ್’ (1971) ಮತ್ತು ಥಾಮಸ್ ಪಿಂಚನ್ ಅವರ ‘ವೈನ್‌ಲ್ಯಾಂಡ್’ (1990) ಇವೆರಡರಲ್ಲಿ ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂದು ಕೇಳಿದರೆ, ನಾನು ಹಿಂಜರಿಯದೆ ಡಾಕ್ಟೊರೊ ಅವರ ಕೃತಿಯನ್ನು ಸೂಚಿಸುತ್ತೇನೆ.

ಬೇಹುಗಾರಿಕೆಯ ಸಂಚಿನ ಆರೋಪದ ಮೇಲೆ 1953ರಲ್ಲಿ ಮರಣದಂಡನೆಗೆ ಗುರಿಯಾದ ರೋಸೆನ್‌ಬರ್ಗ್ ದಂಪತಿಯ ಪ್ರಕರಣವನ್ನು ಆಧರಿಸಿದ ಈ ಕೃತಿಯಲ್ಲಿ, ಅಂಥದೇ ದಂಪತಿಯ ಮಗನಾದ ಡೇನಿಯಲ್ 1967ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು, ಸಂಶೋಧನ ಪ್ರಬಂಧದ ಬದಲು ತನ್ನ ಮನೆಯವರ ಕಥೆಯನ್ನು ಬರೆಯುತ್ತಾನೆ. ನಿರೂಪಣೆ ‘ನಾನು’ ಎನ್ನುವ ಉತ್ತಮ ಪುರುಷದಿಂದ ‘ಅವನು’ ಎನ್ನುವ ಪ್ರಥಮ ಪುರುಷಕ್ಕೆ ಥಟ್ಟನೆ ಜಿಗಿಯುತ್ತದೆ. ತನ್ನ ನೋವನ್ನು ತಾನೇ ಹೊರಗೆ ನಿಂತು ನೋಡಬೇಕಾದವನ ಪಾಡು ಆ ಜಿಗಿತದಲ್ಲೇ ಇದೆ. ಸ್ಟರ್ನ್‌ಲಿಕ್ಟ್ ಎಂಬ ಯುವ ಬಂಡಾಯಗಾರ, ಡೇನಿಯಲ್‌ನ ಹೆತ್ತವರು ನ್ಯಾಯಾಲಯದಲ್ಲಿ ಪ್ರಭುತ್ವದ ನಿಯಮಗಳಿಗೆ ತಕ್ಕಂತೆಯೇ ನಡೆದುಕೊಂಡರೆಂದು ಜರೆಯುವಾಗ, ಹೆತ್ತವರ ಪೀಳಿಗೆಯ ಹಳೆಯ ಎಡಪಂಥಕ್ಕೂ ಅರವತ್ತರ ದಶಕದ ಯುವಜನರ ಹೊಸ ಎಡಪಂಥಕ್ಕೂ ನಡುವಣ ಕಂದಕ ಕಣ್ಣಿಗೆ ಕಟ್ಟುತ್ತದೆ.

‘ವೈನ್‌ಲ್ಯಾಂಡ್’ ಆ ಕಾಲವನ್ನು ಅಧ್ಯಕ್ಷ ರೇಗನ್ ಮರು ಆಯ್ಕೆಯಾದ 1984ರಿಂದ ಹಿಂದಿರುಗಿ ನೋಡುತ್ತದೆ. ಸರ್ಕಾರದ ಮಾನಸಿಕ ಅಸ್ವಾಸ್ಥ್ಯ ಭತ್ಯೆಯನ್ನು ಉಳಿಸಿಕೊಳ್ಳಲು ಜಾಯ್ಡ್ ಎಂಬ ಹಳೆಯ ಹಿಪ್ಪಿ ವರ್ಷಕ್ಕೊಮ್ಮೆ ಟಿವಿ ಕ್ಯಾಮೆರಾಗಳೆದುರು ಕಿಟಕಿಯ ಗಾಜು ಒಡೆದು ಹಾರುತ್ತಾನೆ. ಚಳವಳಿಯನ್ನು ಚಿತ್ರೀಕರಿಸುತ್ತಿದ್ದ ಅವನ ಮಾಜಿ ಪತ್ನಿ ಫ್ರೆನೆಸಿ ಸರ್ಕಾರಿ ವಕೀಲನ ಸೆಳೆತಕ್ಕೆ ಸಿಕ್ಕಿ ಮಾಹಿತಿದಾರಳಾಗಿದ್ದಾಳೆ. ನಗೆಯುಕ್ಕಿಸುವ ಕೃತಿಯಾದರೂ ಪಾತ್ರಗಳೂ ಉಪಕಥೆಗಳೂ ಕಿಕ್ಕಿರಿದಿರುವುದರಿಂದ ಓದು ಸಲೀಸಲ್ಲ. ಪ್ರಭುತ್ವದ ಹಿಂಸೆಯಷ್ಟೇ ಅಲ್ಲದೆ, ಬಂಡಾಯಗಾರರ ಒಳಗಿನ ದೌರ್ಬಲ್ಯವೂ ಚಳವಳಿಯನ್ನು ಹೇಗೆ ಮುರಿಯಿತೆಂದು ತಿಳಿಯಬೇಕೆನ್ನುವವರು ಮಾತ್ರ ಇದರಿಂದಲೇ ಆರಂಭಿಸಬಹುದು.